ಎರಡು ಸಾಲು ಹೊಲಿಗೆ

ಕೈಗೆ ಹಾಕಿದ್ದ ಕಟ್ಟು ಬಿಚ್ಚಿಸಿಕೊಳ್ಳಲು ಆಸ್ಪತ್ರೆಗೆ ಬಂದಿದ್ದ ಟೈಲರಮ್ಮ ಬೆಂಚಿನ ತುದಿಯಲ್ಲಿ ಕೂತು, ಕಿವಿಯನ್ನೆಲ್ಲ ಪಕ್ಕದ ಗಂಡಹೆಂಡಿರ ಮಾತಿಗೇ ಕೊಟ್ಟಿದ್ದಳು. ಗಂಡ ಕುದುರೆ ಜೀನು ಹೊಲಿಯುವವನು. ಕುದುರೆಯಿಂದ ಬಿದ್ದ ಮಗಳನ್ನು ಆಗಷ್ಟೇ ಎಕ್ಸ್‌ರೇಗೆ ಒಯ್ದಿದ್ದರು. ಹೆಂಡತಿಯ ತೊಡೆಯ ಮೇಲೆ ಆಸ್ಪತ್ರೆಯ ಫಾರಂ ಇತ್ತು.

“ರಿಕಾಪಿಗೆ ಕಾಲು ಸಿಕ್ಕಿಕೊಳ್ತು ಅಂತ ಬರೆದ್ರೆ ಡಾಕ್ಟರಿಗೆ ತಿಳಿಯುತ್ತೇನ್ರೀ?”

“ಸವಾರ ಪಾದ ಇಡೋ ಕಬ್ಬಿಣದ ಬಳೆ ಅಂತ ಬರಿ.”

“ಮಾವ ಬೇರೇನೋ ಅಂತಿದ್ರಲ್ಲ?”

“ಅಂಕವಣೆ. ಅದು ನಮ್ಮ ಹಳೇ ಮಾತು. ರಿಕಾಪು ಅರಬ್ಬೀ ಕಡೆಯಿಂದ ಬಂದಿದ್ದು, ಸವಾರಿ ಅನ್ನೋ ಅರ್ಥದಿಂದಲೇ ಹುಟ್ಟಿದ್ದಂತೆ. ಹೆಸರು ಯಾವುದಾದ್ರೂ ಅದು ಕಾಲು ಇಡೋಕೆ ಕಣೋ, ಕಾಲು ಕಟ್ಟಿಹಾಕೋಕಲ್ಲ ಅನ್ನೋನು ಅಪ್ಪ.”

“ಬಿದ್ರೆ ಅದರ ಪಟ್ಟಿ ಜೀನಿಂದ ತಾನಾಗೇ ಕಳಚಿಕೊಳ್ಳುತ್ತೆ ಅಂತಿದ್ರಿ. ಇವತ್ತು ಯಾಕೆ ಕಳಚಲಿಲ್ಲ?”

ಗಂಡ ಸೂಜಿ ಹಿಡಿದು ಹಿಡಿದು ದಡ್ಡುಗಟ್ಟಿದ್ದ ಹೆಬ್ಬೆರಳನ್ನು ಉಜ್ಜಿಕೊಂಡ.

“ಪಟ್ಟಿ ಜಾರುತ್ತಪ್ಪಾ ಅಂದ್ಲು. ಜೀನಿಗೇ ಸೇರಿಸಿ ಹೊಲಿದುಬಿಟ್ಟೆ. ಬೇರೆಯವರದಾಗಿದ್ರೆ ಆಗಲ್ಲ ಅಂತಿದ್ದೆ ಕಣೇ. ಮಗಳದಲ್ವಾ, ಎರಡು ಸಾಲು ಹಾಕ್ದೆ.”

ಟೈಲರಮ್ಮ ಅವನತ್ತ ತಿರುಗಿದಳು. ಹೆಂಡತಿ ಪೆನ್ನು ಕೆಳಗಿಟ್ಟಳು.

“ಎಲ್ಲೀತನಕ ಎಳ್ಕೊಂಡು ಹೋಯ್ತು?”

“ಬೇಲಿ ತನಕ.”

ನರ್ಸ್ ಬಾಗಿಲಲ್ಲಿ ಇಣುಕಿದಳು. “ಅಪ್ಪ ಎಲ್ಲಿ ಅಂತ ಕೇಳ್ತಿದ್ದಾಳೆ. ಬನ್ನಿ.”

“ನೀನೇ ಹೋಗು,” ಅಂದ ಗಂಡ ಹೆಂಡತಿಗೆ.

“ಏಳಿ. ಹೊಲಿಗೆ ವಿಷಯ ಫಾರಂನಲ್ಲಿ ನಾನು ಬರೆಯೋಳಲ್ಲ. ಅವಳಿಗೆ ನೀವೇ ಹೇಳಿ.”

ಅವನು ಗೋಡೆ ಹಿಡಿದು ಎದ್ದ. “ಕಾಲು ಆಡಿಸ್ತಿದ್ದಾಳೇನಮ್ಮಾ?”

ನರ್ಸ್ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಳು. ಇಬ್ಬರೂ ಒಳಗೆ ಹೋದರು.