ಬರೀ ಹೊಟ್ಟೆ

ಆಯುರ್ವೇದ ವೈದ್ಯರ ಬಾಗಿಲ ಮುಂದಿನ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯ ಕಣ್ಣು ಮೊದಲು ಬಿದ್ದದ್ದು ಪಕ್ಕದವನ ಅಂಗಿಯ ಮೇಲೆ. ಕೆಳಗಿನ ಮೂರು ಗುಂಡಿ ಕಿತ್ತುಹೋಗಿದ್ದವು. ಅವನ ಹೆಂಡತಿ ಪಿಸುದನಿಯಲ್ಲೇ ಗದರುತ್ತಿದ್ದಳು.

"ಲೈಬ್ರರಿಯವರು ನಿಮಗೆ ನೋಟಿಸ್ ಯಾಕೆ ಕೊಟ್ರು? ಈಗಲಾದ್ರೂ ಹೇಳಿ."

"ಕಷಾಯ ಕುಡಿದಿದ್ದಕ್ಕೆ."

"ಅದಕ್ಕೆಲ್ಲ ನೋಟಿಸ್ ಕೊಡ್ತಾರಾ?"

"ವೈದ್ಯರು ಹೇಳಿದ ಹಾಗೇ ಕುಡಿದೆ ಕಣೇ. ಬೆಳಿಗ್ಗೆ, ಬರೀ ಹೊಟ್ಟೇಲಿ."

"ನೀವು ಗಡದ್ದಾಗಿ ತಿಂಡಿ ಬಾರಿಸಿ ತಾನೇ ಕೆಲಸಕ್ಕೆ ಹೋಗೋದು? ಬರೀ ಹೊಟ್ಟೆ ಎಲ್ಲಿಂದ ಬಂತು?"

"ತಿಂಡಿಗೂ ಅದಕ್ಕೂ ಏನು ಸಂಬಂಧ? ಪುಸ್ತಕ ಕೊಡೋ ಕೌಂಟರಲ್ಲೇ ನಿಂತು, ಅಂಗಿ ಎತ್ತಿ..."

"ಅಂಗಿ ಎತ್ತಿ?"

"ಬನಿಯನ್ನೂ ಎತ್ತಿ. ಚಳಿ ಇದ್ರೂ ಒಂದು ದಿನ ತಪ್ಪಿಸಿಲ್ಲ."

ಅವಳು ಹಣೆ ಚಚ್ಚಿಕೊಂಡಳು. "ಬರೀ ಹೊಟ್ಟೆ ಅಂದ್ರೆ ಏನೂ ತಿಂದಿರಬಾರದು ಅಂತ ರೀ!"

"ಬರೀ ಮೈ ಅಂದ್ರೆ ಬಟ್ಟೆ ಇಲ್ದೆ ತಾನೇ? ಬರೀ ಕಾಲು ಅಂದ್ರೆ ಚಪ್ಪಲಿ ಇಲ್ದೆ. ಹೊಟ್ಟೆಗೆ ಮಾತ್ರ ಬೇರೆ ನ್ಯಾಯವಾ?"

"ಮಾನ ಹೋಯ್ತಲ್ರೀ!"

"ಅಜೀರ್ಣವೂ ಹೋಯ್ತಲ್ಲ. ತಿಂಗಳಿಂದ ಒಂದು ಹುಳಿತೇಗು ಬಂದಿದ್ಯಾ, ನೀನೇ ಹೇಳು."

ಅವಳು ಲೆಕ್ಕ ಹಾಕಿ ನೋಡಿದಳು. ಬಂದಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅವಳು ಎದ್ದು ಗಂಡನ ಅಂಗಿಯನ್ನು ಕೆಳಗೆಳೆದಳು.

"ವೈದ್ಯರ ಮುಂದೆ ಇದೆಲ್ಲ ಬಾಯಿ ಬಿಡಬೇಡಿ. ನಾಳೆಯಿಂದ ಕಪಾಟಿನ ಹಿಂದೆ ಹೋಗಿ ಕುಡೀರಿ."

ಇಬ್ಬರೂ ಒಳಗೆ ಹೋದರು. ವರ್ಷದಿಂದ ಅದೇ ಕಷಾಯ ಕುಡಿದೂ ಹುಳಿತೇಗು ನಿಲ್ಲದಿದ್ದ ದರ್ಜಿ ಅತ್ತಿತ್ತ ನೋಡಿ, ತನ್ನ ಅಂಗಿಯ ಕೆಳಗಿನ ಗುಂಡಿಯನ್ನು ಮೆಲ್ಲಗೆ ಬಿಚ್ಚಿದ.