ಗೌರಾಬಾಯಿಯ ಚಂಚಿ

"ಹಲೋ… ಹಲೋ, ಕೋಣ ಬೋಲ್ತಂಯ?… ಯಾರು?… ಹಾಂ, ರೋಹಿತನಾ! ಅಲ್ಲಪಾ, ಹೊಸಾ ನಂಬರಿನಿಂದ ಮಾಡಿದ್ರ ನನಗ ಹೆಂಗ ಗೊತ್ತಾಗಬೇಕು?… ವಾರ್ಡ್ ಆಫೀಸಿಂದಾ? ಬರೋಬರಿ ನಾಕಕ್ಕ ಮಾಡೀ ನೋಡು… ಇಲ್ಲ ಇಲ್ಲ, ಮನ್ಯಾಗಽ ಅದೀನಿ. ಕನ್ನಡದಾಗಽ ಮಾತಾಡು…"

ಬೆಳಗಾದರೆ ಲೋಕಸಭೆಯ ಮತದಾನ. ಮರಾಠಿ ನಾಡಿನ ಕೋಥರೂಡದ ತನ್ನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಹೊಳಬಸಪ್ಪ ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಮತದಾರರ ಪಟ್ಟಿಯ ಒಂದೇ ಒಂದು ಹಾಳೆ ಹಿಡಿದು ನಿಂತಿದ್ದ. ಸ್ವಾರಗೇಟಿನ ಸಾರಿಗೆ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ನಿವೃತ್ತನಾದ ಈ ಮನುಷ್ಯ ಮೂವತ್ತು ವರ್ಷ ಪಕ್ಷದ ಕೆಲಸವನ್ನು ಬಿಟ್ಟಿ ಮಾಡಿದವನು. ತನ್ನ ವಸತಿ ಸೊಸೈಟಿಯ ನಲವತ್ತು ಮತದಾರರ ಹಾಳೆ ಇಟ್ಟುಕೊಂಡು ಪ್ರತಿ ಹೆಸರಿನ ಮುಂದೆ ಪೆನ್ಸಿಲಿನ ಗುರುತು ಹಾಕಬೇಕು. ನಮ್ಮವರಿಗೆ ಟಿಕ್, ಎದುರಿನವರಿಗೆ ಕಾಟು, ಹೊಯ್ದಾಡುವವರಿಗೆ ಸೊನ್ನೆ. ಮತದಾನದ ಹಿಂದಿನ ದಿನ ಆಫೀಸಿನಿಂದ ಫೋನು ಬಂದಾಗ ಓದಿ ಹೇಳಬೇಕು. ರೋಹಿತನಿಗೆ ಈ ವಿದ್ಯೆ ಕಲಿಸಿದವನೂ ಇವನೇ. ಈಗ ಶಿಷ್ಯ ವಾರ್ಡಿನ ಉಸ್ತುವಾರಿಯಾಗಿ ಗುರುವಿಗೇ ತಿರುಮಂತ್ರ ಹೇಳುತ್ತಿದ್ದ.

"ಹಾಂ, ಬರಕೋ… ಹೆಸರು ಬ್ಯಾಡಾ? ಬರೇ ನಂಬರಾ? ಆತು. ಒಂದು ಟಿಕ್. ಎರಡು ಟಿಕ್. ಮೂರು ಸೊನ್ನಿ. ನಾಕು ಸೊನ್ನಿ. ಐದು… ಐದೂ ಸೊನ್ನಿ… ಹೌದು, ಸೊನ್ನಿ ಅಂತಽ ಅಂದೆ…"

"ಐದಾ? ಕೇತಕಿತಾಯಿ. ಮ್ಯಾಲಿನ ಮಜಲಿ ಟೀಚರ್ರು… ಅಲ್ಲೋ, ಅಕಿ ನಮ್ಮಾಕಿನಽ, ಯಾರು ಇಲ್ಲಂದ್ರು? ನೀ ಹುಟ್ಟೂಕಿಂತ ಮೊದಲಿಂದ ನಮ್ಮಾಕಿ… ಗೊತ್ತದ, ಗೊತ್ತದ. ಮತ್ತ ಸೊನ್ನಿ ಯಾಕಂದ್ರ ನಾ ಏನ್ ಹೇಳ್ಲಿ? ಅಕಿನಽ ಬಾಗಲ್ದಾಗ ನಿಂತು ಹೇಳಿದ್ಲು…"

"ಯಾಕಂದ್ರ, ಮೊನ್ನೆ ಸಭಾದಾಗ ಸಾಹೇಬ್ರು ಭಾಊನ ಕೈ ಎತ್ತಿ ಹಿಡಿದ್ರಲ್ಲ, ಅದಕ್ಕಽ… ಟಿವ್ಯಾಗ ಎಲ್ಲಾರೂ ನೋಡ್ಯಾರ… ಹಾಂ, ಅದನ್ನೂ ಹೇಳಿದೆ. ಉಮೇದವಾರ ಯಾರರೆ ಇರ್ಲಿ, ವೋಟು ದಿಲ್ಲಿ ಸಾಹೇಬ್ರಿಗೆ ಅಂತ ಮನಿ ಮನಿಗೆ ಹೇಳಿದೆ. ಅದಽ ತಿರುಗಿ ಮೈಮ್ಯಾಲೆ ಬಿತ್ತು ನೋಡು. ಹಂಗಾರ ಸಾಹೇಬ್ರಿಗೇ ಬ್ಯಾಡ ಅಂತೀನಿ ಅಂದ್ಲು…"

ಭಾಊ ಅಂದರೆ ಈ ಸಲದ ಅಭ್ಯರ್ಥಿ. ನಲವತ್ತು ವರ್ಷ ಎದುರು ಪಕ್ಷದಲ್ಲಿದ್ದು, ಈ ಸೊಸೈಟಿಯ ಜನ ಯಾರ ವಿರುದ್ಧ ಬಿಸಿಲಲ್ಲಿ ಕೂಗಿ ಗಂಟಲು ಹರಿದುಕೊಂಡಿದ್ದರೋ ಅದೇ ಮನುಷ್ಯ. ಹೋಳಿ ಹುಣ್ಣಿಮೆಗೆ ಪಕ್ಷ ಬದಲಿಸಿದ, ಯುಗಾದಿಗೆ ಟಿಕೆಟ್ ಪಡೆದ. ಪಕ್ಷದ ದೊಡ್ಡ ಸಾಹೇಬರೇ ದಿಲ್ಲಿಯಿಂದ ಬಂದು ಅವನಿಗೆ ಹಾರ ಹಾಕಿ, ಕೈ ಎತ್ತಿ ಹಿಡಿದು, ಇವನು ನನ್ನ ತಮ್ಮ ಅಂದರು. ಅಂದಿನಿಂದ ಕಟ್ಟಡದ ಹಳೆಯ ನಿಷ್ಠಾವಂತರೆಲ್ಲ ಒಂದೇ ಮಾತು ಹಿಡಿದಿದ್ದರು. ಪಕ್ಷ ನಮ್ಮದೇ, ಬಿಡುವುದಿಲ್ಲ. ಆದರೆ ಈ ಸಲ ಸಾಹೇಬರಿಗೆ ಪಾಠ ಕಲಿಸಬೇಕು.

"ಎಷ್ಟಾದವು? ಹನ್ನೊಂದು ಸೊನ್ನಿ… ಹೌದು, ನಾನೂ ಎಣಿಸೀನಿ… ನನ್ನ ಮ್ಯಾಲೆ ಯಾಕ ಒದರ್ತೀ? ಸುಳ್ಳು ಟಿಕ್ ಹಾಕಿ ಕೊಡ್ಲೇನು?… ಹಾಂ, ಮುಂದ ಬರಕೋ. ಇಪ್ಪತ್ತೆರಡು ಟಿಕ್. ಇಪ್ಪತ್ನಾಕು ಟಿಕ್, ಅದು ನಂದು. ಇಪ್ಪತ್ತೈದು ನನ್ನ ಹೇಂತಿ ಮಾಧುರೀದು, ಟಿಕ್… ಏನು?… ಇಪ್ಪತ್ಮೂರಾ?… ಹೇಳ್ಲಿಲ್ಲೇನು?… ತಡಿಯೋ, ಅದನ್ನ ಆಮ್ಯಾಲೆ ನೋಡೂಣು…"

ಇಪ್ಪತ್ಮೂರನೇ ಹೆಸರು ಗೌರಾಬಾಯಿ, ಹೆಣ್ಣು, ವಯಸ್ಸು ಎಂಬತ್ನಾಲ್ಕು. ಹೊಳಬಸಪ್ಪನ ತಾಯಿ. ಆ ಹೆಸರಿನ ಮುಂದೆ ಅವನು ಮೊದಲು ಟಿಕ್ ಹಾಕಿದ್ದ, ಅಳಿಸಿ ಸೊನ್ನೆ ಮಾಡಿದ್ದ, ಅದನ್ನೂ ಅಳಿಸಿದ್ದ. ರಬ್ಬರು ಉಜ್ಜಿ ಉಜ್ಜಿ ಕಾಗದವೇ ತೆಳ್ಳಗಾಗಿತ್ತು. ಅವಳು ಸೊನ್ನೆಯಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಟಿವಿಯಲ್ಲಿ ಆ ಕೈ ಎತ್ತಿದ್ದನ್ನು ನೋಡಿದ ಸಂಜೆಯೇ ಆಕೆ ಹೇಳಿಬಿಟ್ಟಿದ್ದಳು. "ಭಾಊ ಆಗ ಹೆಂಗಿದ್ದನೋ ಈಗೂ ಹಂಗಽ ಅದಾನ. ಬದಲಾದಾಂವ ನಮ್ಮ ಸಾಹೇಬ. ಅವಗ ನನ್ನ ವೋಟು ಇಲ್ಲ."

ಅದಕ್ಕೆ ಕಾರಣವಿತ್ತು. ಮೂವತ್ತೈದು ವರ್ಷದ ಹಿಂದೆ ಹೊಳಬಸಪ್ಪನ ಅಪ್ಪ ಪಕ್ಷದ ಏಜೆಂಟನಾಗಿ ಬೂತಿನಲ್ಲಿ ಕೂತಿದ್ದಾಗ ಭಾಊನ ಕಡೆಯವರು ನುಗ್ಗಿದ್ದರು. ಅಪ್ಪ ಮತಪೆಟ್ಟಿಗೆಯನ್ನು ತಬ್ಬಿಕೊಂಡು ಕೂತ, ಅವರು ತೋಳು ತಿರುಚಿ ಮುರಿದರು. ಮುರಿದ ಕೈ ಸೊಟ್ಟಗೇ ಕೂಡಿತು. ಗಂಡ ಸಾಯುವವರೆಗೂ ದಿನಾ ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕಿದವಳು ಗೌರಾಬಾಯಿ. ಹಾಗಂತ ಪಕ್ಷದ ಮೇಲೆ ಮುನಿಸಿಕೊಂಡವಳಲ್ಲ. ಆಮೇಲೂ ಪ್ರತಿ ಚುನಾವಣೆಗೆ ಹತ್ತು ಸೇರು ಚುರುಮುರಿ ಹಚ್ಚಿ ಕಾರ್ಯಕರ್ತರಿಗೆ ಕಳಿಸಿದಳು. ರೋಹಿತನೂ ಆ ಚುರುಮುರಿ ತಿಂದೇ ಬೆಳೆದವನು.

"…ಏನು ಕೇಳಿದಿ?… ಇಲ್ಲ, ಮರ್ತಿಲ್ಲ… ಹೇಳ್ತೀನೋ… ಕಾಟು. ಇಪ್ಪತ್ಮೂರು ಕಾಟು… ಹೌದು, ನಮ್ಮವ್ವ… ಮಾತಾಡಿ ನೋಡಿಲ್ಲ ಅಂತ ತಿಳಕೊಂಡಿ ಏನು? ಎಂಟು ದಿನಾ ಆತು ಮಾತಾಡಾಕತ್ತಿ…"

"ಯಾರು ಅಂದ್ರು ಹಂಗ?… ಶಹರದ ಅಧ್ಯಕ್ಷರಾ?… ಸ್ವಂತ ತಾಯೀನ್ನ ಹಿಡಿದಿಡಾಕ ಆಗದಾಂವ ಏಜೆಂಟ್ ಹೆಂಗ ಆಗ್ತಾನಂತ… ಹಂಗಾರ ನಾಳೆ ಬೂತಿನ್ಯಾಗ ನಾ ಕೂಡೂದಿಲ್ಲೇನು? ಬ್ಯಾರೆಯವ್ರನ್ನ ಕೂಡಸ್ತೀರೇನು?… ರೋಹಿತ, ಏಳು ಚುನಾವಣಿ ಆತೋ ನಾ ಆ ಕುರ್ಚಿ ಮ್ಯಾಲೆ ಕೂಡಾಕತ್ತಿ. ನಮ್ಮಪ್ಪನ ಜಾಗಾ ಅದು…"

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಟ್ರಂಕಿನ ಮುಚ್ಚಳ ಧಡ್ ಅಂತ ಬಿತ್ತು. "ಹೊಳಬಸೂ, ನನ್ನ ಚಂಚಿ ನೋಡೀ ಏನೋ?" ಎಂದು ಗೌರಾಬಾಯಿ ಕೂಗಿದಳು. ಮುಂಜಾನೆಯಿಂದ ಇದು ನಾಲ್ಕನೇ ಸಲ. ಹಿಂದೆ ಎಲೆ ಅಡಿಕೆ ಇಡುತ್ತಿದ್ದ ಬಟ್ಟೆಯ ಚಂಚಿ ಅದು. ಹಲ್ಲು ಹೋದ ಮೇಲೆ ಅದರಲ್ಲಿ ಮತದಾರರ ಕಾರ್ಡು, ಆಧಾರ್, ಪಾಸ್‌ಬುಕ್ ಇಟ್ಟುಕೊಂಡಿದ್ದಳು. ಆ ಚಂಚಿ ಈಗ ಹೊಳಬಸಪ್ಪನ ಜುಬ್ಬಾದ ಒಳಜೇಬಿನಲ್ಲಿತ್ತು. ತಾಯಿ ಸ್ನಾನಕ್ಕೆ ಹೋದಾಗ ಅವನೇ ತೆಗೆದಿಟ್ಟುಕೊಂಡಿದ್ದ. ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುತ್ತಾರಲ್ಲ, ಈ ಮನುಷ್ಯ ಅರವತ್ತನೇ ವಯಸ್ಸಿನಲ್ಲಿ ಅದಾಗಿದ್ದ. ಅವನಿಗೇ ಅದು ಗೊತ್ತಿದ್ದರಿಂದ ಮಧ್ಯಾಹ್ನ ಊಟವೂ ಸೇರಿರಲಿಲ್ಲ.

"ತಡಿ, ತಡಿ… ಅಧ್ಯಕ್ಷರಿಗೆ ಹೇಳು, ಚಿಂತಿ ಬ್ಯಾಡ ಅಂತ. ಅವ್ವ ನಾಳೆ ಬೂತಿಗೆ ಬರಂಗಿಲ್ಲ… ಬರಂಗಿಲ್ಲಂದ್ರ ಬರಂಗಿಲ್ಲ. ನಾ ವ್ಯವಸ್ಥಾ ಮಾಡೀನಿ… ಏನಂದ್ರ… ಅಕಿ ಕಾರ್ಡು ನಾ ತಗೊಂಡೀನಿ… ಹೌದು, ಹೇಳದಽ ತಗೊಂಡೀನಿ… ಆಧಾರೂ ಅದರಾಗಽ ಅದ. ಎಲ್ಲಾ ನನ್ನ ಕಡೆ ಅದಾವ…"

ಹೇಳಿಬಿಟ್ಟ. ಕುರ್ಚಿಯ ಆಸೆಗೆ ಬಾಯಿ ಜಾರಿತ್ತು. ಎಷ್ಟೋ ಕೆಟ್ಟ ಕೆಲಸ ಮಾಡಿದವರೂ ಹೇಳಿದ ಮೇಲೆ ಹಗುರಾಗುತ್ತಾರಂತೆ. ಇವನಿಗೆ ಹಾಗಾಗಲಿಲ್ಲ. ಆ ಕಡೆಯಿಂದ ರೋಹಿತ ಜೋರಾಗಿ ನಕ್ಕ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಅವನು ಹೊಗಳಿದ.

"…ಶಾಬಾಸ್ ಏನ್ ಬಂತೋ ಅದರಾಗ?… ಅಲ್ಲ, ತಲಿ ಓಡಿಸೂ ಮಾತಲ್ಲಪಾ ಅದು… ಏನಂದಿ?… ಯಾರಿಗೆ ಹೇಳ್ತೀ?… ಬ್ಯಾಡ. ರೋಹಿತ, ಪಕ್ಷದ ಗ್ರೂಪಿನ್ಯಾಗ ಹಾಕಬ್ಯಾಡ… ಎರಡನೂರು ಮಂದಿ ಅದಾರೋ ಅದರಾಗ… ಅದು ನನ್ನ ಮನಿ ಮಾತು, ನಿನ್ನ ನಂಬಿ ಹೇಳಿದೆ… ಹಲೋ… ಏನ್ ಟೈಪ್ ಮಾಡಾಕತ್ತಿ?…"

"ಕಳಿಸೀ ಏನು?… ಓದು… ಓದೋ, ನಾ ಕೇಳ್ತೀನಿ… 'ಹೊಳಬಸಪ್ಪ ಕಾಕಾ ಹೆತ್ತ ತಾಯಿಯ ಕಾರ್ಡ್ ತೆಗೆದಿಟ್ಟಿದ್ದಾರೆ. ನಿಮಗೆ ಯಾಕೆ ಆಗುವುದಿಲ್ಲ?'… ಹಿಂಗ ಬರದೀ?… ಮರಾಠ್ಯಾಗ ಬ್ಯಾರೆ? ಎರಡೂ ಭಾಷಾದಾಗ?…"

ಕಿವಿಗೆ ಒತ್ತಿಕೊಂಡಿದ್ದ ಮೊಬೈಲು ಟಿಂಗ್ ಅಂತು. ಮತ್ತೆ ಟಿಂಗ್. ಆಮೇಲೆ ಬಿಡುವಿಲ್ಲದೆ. ಚಪ್ಪಾಳೆಯ ಚಿತ್ರ, ಹೆಬ್ಬೆಟ್ಟಿನ ಚಿತ್ರ, ಹಾರದ ಚಿತ್ರ. ಮೂವತ್ತು ವರ್ಷದ ದುಡಿಮೆಗೆ ಒಂದು ಶಾಲು ಹೊದಿಸದವರು ಈ ಕಳ್ಳತನಕ್ಕೆ ಹಾರದ ಮೇಲೆ ಹಾರ ಕಳಿಸುತ್ತಿದ್ದರು.

"…ಯಾರು ಏನ್ ಹಾಕ್ಯಾರ?… ಪ್ರಣವನಾ? ಕೇತಕಿತಾಯಿ ಮಗಾ?… ಏನಂತ?… ನಾನೂ ಅವ್ವಂದು ಕಾರ್ಡ್ ತಗೊಂಡೆ ಅಂತ?… ಅಯ್ಯ ದೇವರ… ಅಂವಗ ಈಗಿಂದೀಗ ಫೋನ್ ಮಾಡಿ ಬ್ಯಾಡ ಅನ್ನು… ನಗಬ್ಯಾಡ. ಏನಂದಿ? ಹಿಂಗಽ ಕಾರ್ಡ್ ಕಸಗೊಂಡು ಹನ್ನೊಂದೂ ಸೊನ್ನಿ ತೆಗೀಬಹುದಂತ? ಅವು ಸೊನ್ನಿ ಅಲ್ಲೋ, ಮಂದಿ. ನಮ್ಮ ಮಂದಿ. ಸಾಹೇಬ್ರ ಮ್ಯಾಲೆ ಸಿಟ್ಟಾಗಿ ಒಂದು ಮಾತು ಹೇಳ್ತೀನಂದ್ರ ಬಾಯಿಗೆ ಅರಿವಿ ತುರುಕೋದೇನು?… ಹಾಂ, ನಾನಽ ಶುರು ಮಾಡೀನಿ, ಹೌದು. ಅದಕ್ಕಽ ಹೇಳಾಕತ್ತೀನಿ…"

ಗೋಡೆ ಹಿಡಿದುಕೊಂಡು, ಮೊಣಕಾಲು ಒತ್ತಿಕೊಳ್ಳುತ್ತ ಗೌರಾಬಾಯಿ ಬಾಲ್ಕನಿಯ ಬಾಗಿಲಿಗೆ ಬಂದಳು. "ಟ್ರಂಕಿನ್ಯಾಗೂ ಇಲ್ಲಪಾ. ನನಗ ಅರಳು ಮರಳು ಆಗೇದ ಕಾಣ್ತದ. ಎಲ್ಲಿ ಕಳಕೊಂಡೆನೋ ಏನೋ," ಎಂದಳು. ಆಕೆಗೆ ಮಗನ ಮೇಲೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಹೊಳಬಸಪ್ಪ ಜೇಬಿಗೆ ಕೈ ಹಾಕಿ ಚಂಚಿಯನ್ನು ತೆಗೆದು ಅವಳ ಮುಂದೆ ಹಿಡಿದ. ಮುದುಕಿಯ ಮುಖ ಅರಳಿತು. "ಅಯ್ಯ ನನ್ನಪ್ಪಾ, ನೀ ಇಟ್ಟಿದ್ದೇನು! ಛಲೋ ಆತು. ನಾಳೆ ಗಡಿಬಿಡ್ಯಾಗ ಬೀಳಬಾರ್ದಂತ ಇಟ್ಟಿ, ಹೌದಿಲ್ಲೋ? ನಿಮ್ಮಪ್ಪನೂ ಹಿಂಗಽ, ಎಲ್ಲಾ ಒಂದಿನಾ ಮೊದಲಽ ತಯಾರಿ."

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಅವಳು ಹರಸಿ ಒಳಗೆ ಹೋಗುತ್ತಿದ್ದಳು, ಇವನು ಮಗನೆನಿಸಿಕೊಂಡೇ ಉಳಿಯುತ್ತಿದ್ದ. ಆದರೆ ಕಿವಿಯ ಪಕ್ಕದಲ್ಲಿ ಇನ್ನೂ ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು. ಎರಡು ನೂರು ಜನಕ್ಕೆ ಗೊತ್ತಾದದ್ದು ಈ ಒಬ್ಬಳಿಗೆ ಮಾತ್ರ ಗೊತ್ತಿಲ್ಲವೆಂದರೆ ಅದಕ್ಕಿಂತ ಅವಮಾನ ಇನ್ನೇನಿದೆ?

"ರೋಹಿತ, ಇಡಬ್ಯಾಡ. ಕೇಳ್ಕೋತ ಇರು… ಅವ್ವಾ, ಜೋಪಾನ ಮಾಡಾಕ ತಗೊಂಡಿದ್ದಲ್ಲ ಇದು. ನೀ ನಾಳೆ ಹೋಗಬಾರ್ದು ಅಂತ ತಗೊಂಡಿದ್ದೆ. ಕದ್ದಿದ್ದೆ… ಹಾಂ, ಕೇಳಿದಿಯಲ್ಲ ರೋಹಿತ? ಈಗ ಬರಿ. ಎರಡೂ ಭಾಷಾದಾಗ ಬರಿ. ಹೊಳಬಸಪ್ಪ ತಾಯಿ ಕಾರ್ಡ್ ಕದ್ದಿದ್ದ, ತಿರುಗಿ ಕೊಟ್ಟ. ಪ್ರಣವಗೂ ಕೊಡು ಅಂತ ಹೇಳ್ಯಾನ… ಯಾಕ, ಈಗ ಬರಿಯಾಕ ಆಗಂಗಿಲ್ಲೇನು?… ಹಲೋ?… ರೋಹಿತ?…"

ಲೈನು ಕಟ್ಟಾಗಿತ್ತು. ಟಿಂಗ್ ಅನ್ನುವುದೂ ನಿಂತಿತ್ತು. ನೋಡಿದರೆ, ಗ್ರೂಪಿನಿಂದ ಇವನ ಹೆಸರನ್ನೇ ತೆಗೆದುಹಾಕಿದ್ದರು.

ಗೌರಾಬಾಯಿ ಚಂಚಿಯನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೈ ಚಾಚಿ, "ಕೊಡಿಲ್ಲಿ, ನಾ ಮಾತಾಡ್ತೀನಿ ಅವನ ಜೋಡಿ," ಎಂದಳು. ಆ ಕಡೆ ಯಾರೂ ಇಲ್ಲ ಎಂದು ಹೇಳದೆ ಹೊಳಬಸಪ್ಪ ಫೋನು ಕೊಟ್ಟ. ಆಕೆಗೆ ಮೊದಲೇ ಫೋನಿನಲ್ಲಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಆದ್ದರಿಂದ ಮೌನ ಆಕೆಗೆ ಹೊಸದೆನಿಸಲಿಲ್ಲ.

"ಹಲೋ… ರೋಹಿತ, ನಾ ಗೌರಾಬಾಯಿ… ನಾಳೆ ನನಗ ಪ್ರತಿ ಸಲದಂಗ ನಿಮ್ಮ ಪಕ್ಷದ ರಿಕ್ಷಾ ಕಳಸಬ್ಯಾಡ್ರಿ. ಮಣಕಾಲು ನೋವಾದ್ರ ಆಗ್ಲಿ, ಸೊಸಿ ಕೈ ಹಿಡಕೊಂಡು ಬರ್ತೀನಿ… ಮತ್ತ ಇನ್ನೊಂದು ಕೇಳು. ಹೊಳಬಸೂನ್ನ ನಾಳೆ ಬೂತಿನ್ಯಾಗ ಕೂಡಸಬ್ಯಾಡ್ರಿ…"

"ಸಾಹೇಬಗ ಬ್ಯಾಡ ಅನ್ನೋದು ನನಗೇನು ಕಠಿಣ ಇಲ್ಲ. ಆದ್ರ ನನ್ನ ಹೊಟ್ಟ್ಯಾಗ ಹುಟ್ಟಿದಾಂವ ಅವರಪ್ಪನ ಕುರ್ಚಿ ಮ್ಯಾಲೆ ಕುಂತು, ನಾ ಒಳಗ ಬಂದದ್ದು ಕಂಡು ಮಾರಿ ಕೆಳಗ ಹಾಕಿದ್ರ, ಅದನ್ನ ನೋಡಾಕ ನನ್ನ ಕಡೆ ಆಗಂಗಿಲ್ಲ… ಹಲೋ?… ಹಲೋ, ಕೇಳಸ್ತೇನಪಾ?…"

"ಕೇಳಿಸ್ತವ್ವಾ," ಅಂದ ಹೊಳಬಸಪ್ಪ.