ಪಾಷಾ ಹೇಳಿದ ಗುಂಡಿ

ಮದ್ದೂರಿನಲ್ಲಿ ಇದ್ದಿಲು ಉರಿಸಿ ಓಡಿಸುವ ಬಸ್ಸಿನ ಒಲೆ ಇನ್ನೂ ಹೊತ್ತಿಕೊಂಡಿರಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ವಿಮಲಾ ಪುಸ್ತಕದಲ್ಲಿ ತಲೆ ಹುದುಗಿಸಿ ಕೂತಿದ್ದಳು. ಪಕ್ಕದ ಬೆಂಚಿನಲ್ಲಿ ಕೊತ್ತತ್ತಿಯ ರೈತ ಚಿಕ್ಕಣ್ಣ, ಕೊಳದಲ್ಲಿ ಮೀನು ಸಾಕುವ ಪೀರ್ ಪಾಷಾನನ್ನು ತರಾಟೆಗೆ ತೆಗೆದುಕೊಂಡಿದ್ದ.

“ನಿನ್ ಮಾತ್ ಕೇಳಿ ಕೆಟ್ಟೆ ಕಣ್ಲಾ ಪಾಷಾ. ನೀನ್ ಏಳ್ದಂಗೆ ಮೀನಿನ ಕಸ ಆಕಿ ಮಾಡಿದ್ ಗೊಬ್ರದ ಗುಂಡಿ ಊರೆಲ್ಲ ನಾರ್ತದೆ, ನಾಳೆ ಬಂದು ಮುಚ್ಚಿಸ್ತೀನಿ ಅಂತ ಪಟೇಲ್ರು ಏಳವ್ರೆ.”

“ಮೀನಿನ ಕಸದ ಮ್ಯಾಲೆ ಏನ್ ಆಕಿದ್ದೆ?”

“ಏನೂ ಇಲ್ಲ. ಗೊಬ್ರಕ್ಕೆ ಇನ್ನೊಂದ್ ಗೊಬ್ರ ಯಾಕೆ ಅಂತ ಬುಟ್ಟೆ.”

“ಥೂ ನಿನ್ನ! ಕಬ್ಬಿನ ತರಗು, ಸಗಣಿ, ಕೆರೆ ಮಣ್ಣು ಪದರ ಪದರವಾಗಿ ಆಕು ಅಂತ ಏಳಿರ್ನಿಲ್ವಾ? ಇವತ್ತೇ ಆಕು, ನಾತ ಅಡಗ್ತದೆ.”

“ಮುಚ್ಚಿಸ್ಬುಟ್ರೆ ನನ್ ಚೌಳು ಗದ್ದೆ ಗತಿ ಏನ್ಲಾ? ಓದ್ ವರ್ಸ ಪೈರೇ ಮ್ಯಾಕ್ಕೆ ಬರ್ನಿಲ್ಲ.”

“ಪಟೇಲ್ರನ್ನ ಗುಂಡಿ ಪಕ್ದಲ್ಲೇ ಕೂರ್ಸಿ ಎಲೆ ಅಡ್ಕೆ ಕೊಡು. ಮೂಗ್ ಮುಚ್ಚದಿದ್ರೆ ನೀನ್ ಗೆದ್ದೆ.”

“ನೀನೂ ಬಾರ್ಲಾ, ಧೈರ್ಯಕ್ಕೆ.”

“ನಾನ್ ಬಂದ್ರೆ ನನ್ ಮೈ ವಾಸ್ನೆಗೇ ಗುಂಡಿ ಮುಚ್ಚಿಸ್ತಾರೆ ಕಣ್ಲಾ!”

ವಿಮಲಾ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದಳು. ಚಿಕ್ಕಣ್ಣ ಮಾತ್ರ ನಗಲಿಲ್ಲ. ಒಲೆ ಹೊತ್ತಿದ್ದೇ ತಡ, ಕಂಡಕ್ಟರು ಕೂಗುವ ಮೊದಲೇ ಬಸ್ಸು ಹತ್ತಿ, ಡ್ರೈವರನ ಹಿಂದೆಯೇ ಕೂತು, “ಬೇಗ ಓಡ್ಸಪ್ಪೋ, ಕತ್ತಲಾಗೋದ್ರೊಳ್ಗೆ ಗುಂಡಿಗೆ ಕೆರೆ ಮಣ್ ಒರ್ಬೇಕು” ಎಂದ.